ಕೂಸಿಗೆ ಪಾಳಿ ಇಲ್ಲದ ಮನೆ ಬೇಕು

ಚಿ. ಸೌ. ಮಗಳಿಗೆ ಅವ್ವನ ಆಶೀರ್ವಾದಗಳು.

ತಾಯಿಯಿಂದ ದೂರವಿರುವ ಒಂದು ಹುಡುಗಿಯನ್ನು ಸ್ವಲ್ಪ ಕಾಲ ಮನೆಯಲ್ಲಿಟ್ಟು ಸಾಕಲು ನೀವಿಬ್ಬರೂ ಹೊರಟಿದ್ದೀರಿ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ನಾಳೆ ಆ ಹುಡುಗಿಯ ತಾಯಿ ಬಂದು ಕರಕೊಂಡು ಹೋದರೆ ನನ್ನ ಕರುಳು ಏನಾಗಬೇಕವ್ವಾ?" ಅಂದೆ. ನಾನು "ನೋಡೋಣ ಬಿಡು" ಎಂದು ಫೋನ್ ಇಟ್ಟೆ. ಆಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯಲು ಕೂತೆ.

ಹುಬ್ಬಳ್ಳಿಯ ಆ ಮಕ್ಕಳ ಮನೆಯಲ್ಲಿ ನಾನು 19 ವರ್ಷ ಗೃಹಮಾತೆಯಾಗಿದ್ದೆ. ಅದರ ಬೆಲೆ ನಿನಗಿಂತ ಜಾಸ್ತಿ ಯಾರಿಗೂ ಗೊತ್ತಿಲ್ಲ. ನೀನು ಮೂರನೇ ಇಯತ್ತೆಯಲ್ಲಿದ್ದಾಗ ಮೈ ಸುಡುವಷ್ಟು ಜ್ವರ ಬಂದಿತ್ತು. ಆ ರಾತ್ರಿ ನನಗೆ ಪಾಳಿ. ನಿನ್ನ ಅಜ್ಜಿ ಹಣೆಗೆ ತಣ್ಣೀರಿನ ಪಟ್ಟಿ ಹಾಕುತ್ತ ಕೂತಿದ್ದಳು. ಬೆಳಿಗ್ಗೆ ನಾನು ಬಂದರೆ ನೀನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಹಿಂಡುತ್ತದೆ. ಆದರೆ ನೋಡು, ನಿನಗೆ ಸಿಟ್ಟು ಮಾಡಲು ಒಬ್ಬ ಅವ್ವ ಇದ್ದಳು. ಅದೇ ರಾತ್ರಿ ನಾನು ಕಾಯ್ದ ಹುಡುಗಿಯರಿಗೆ ಬೆಳಿಗ್ಗೆ ಎಂಟಕ್ಕೆ ಇನ್ನೊಬ್ಬಳು, ರಾತ್ರಿ ಎಂಟಕ್ಕೆ ಮತ್ತೊಬ್ಬಳು. ಹೊಸಬಳು ಕೆಲಸ ಬಿಟ್ಟು ಹೋದರೆ ಅವರಿಗೆ ಅಳುವೂ ಬರುತ್ತಿರಲಿಲ್ಲ. ಯಾರ ಮೇಲೂ ಸಿಟ್ಟು ಇರುತ್ತಿರಲಿಲ್ಲ.

ಹೊರಗಿನವರಿಗೆ ಇದು ಕಾಣುವುದಿಲ್ಲ. ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ ಸಿಹಿ ಊಟ ಹಾಕಿಸಲು ಬರುತ್ತಿದ್ದರಲ್ಲ, ಅವರೆಲ್ಲ "ಎಷ್ಟು ಹಚ್ಚಿಕೊಳ್ಳುತ್ತವ್ರೀ ಈ ಮಕ್ಕಳು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಟು ವರ್ಷದ ಹುಡುಗಿ ಬಂದವರ ಹೆಸರೂ ಕೇಳದೆ ತೊಡೆ ಏರಿ ಕೂರುತ್ತಿದ್ದಳು. ಮನೆಯಲ್ಲಿ ಬೆಳೆದ ಕೂಸು ಹೊಸಬರನ್ನು ಕಂಡರೆ ಅವ್ವನ ಸೆರಗಿನ ಹಿಂದೆ ಅಡಗುತ್ತದೆ. ಇವಳಿಗೆ ಅಡಗಲು ಸೆರಗೇ ಇರಲಿಲ್ಲ. ಬಂದವರು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಅವಳು ಮುಂದಿನವರ ದಾರಿ ಕಾಯುತ್ತಿದ್ದಳು.

ಹುಟ್ಟುಹಬ್ಬ ಅಂದೆನಲ್ಲ. ನಮ್ಮಲ್ಲಿ ಜಾಸ್ತಿ ಹುಡುಗಿಯರು ಹುಟ್ಟಿದ್ದು ಜೂನ್ 1ಕ್ಕೆ. ಅಂದರೆ ಶಾಲೆಗೆ ಹೆಸರು ಹಚ್ಚುವಾಗ ತಾರೀಖು ಗೊತ್ತಿಲ್ಲದಿದ್ದರೆ ಬರೆಯುವ ತಾರೀಖು ಅದು. ಒಬ್ಬಳು ಕೇಳಿದ್ದಳು, "ಅಕ್ಕಾರ, ನಾವೆಲ್ಲಾರೂ ಒಂದ ದಿನ ಹ್ಯಾಂಗ ಹುಟ್ಟಿದ್ವಿರಿ?" ನಾನು ಏನು ಹೇಳಲಿ? ಅವಳು ಹುಟ್ಟಿದ ದಿನ ಮಳೆ ಇತ್ತೋ ಬಿಸಿಲಿತ್ತೋ ಹೇಳಬಲ್ಲವರು ಎಲ್ಲೋ ಇದ್ದರು. ಅವರನ್ನು ಹುಡುಕುವ ಕೆಲಸ ಆಗ ಯಾರೂ ಮಾಡಿರಲಿಲ್ಲ, ಅಷ್ಟೇ.

ನಿಜ ಹೇಳುತ್ತೇನೆ, ಅಪ್ಪ ಅವ್ವ ಇಬ್ಬರೂ ಇಲ್ಲದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಗಂಡ ತೀರಿಕೊಂಡಿದ್ದಾನೆ, ಅವ್ವ ಗೋವಾಕ್ಕೆ ದುಡಿಯಲು ಹೋಗುತ್ತಾಳೆ, ಬೆಳೆಯುವ ಹುಡುಗಿಯನ್ನು ತಗಡಿನ ಶೆಡ್ಡಿನಲ್ಲಿ ಹೇಗೆ ಇಟ್ಟುಕೊಳ್ಳುವುದು? ತಂದು ಬಿಡುತ್ತಿದ್ದರು. ಆ ಅವ್ವಂದಿರಿಗೆ ಮಗಳು ಬೇಡವಾಗಿರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ನೋಡಿಕೊಳ್ಳುವ ಇನ್ನೊಂದು ಜೀವ ಇರಲಿಲ್ಲ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ನಾವು ಅದನ್ನು ಮೊದಲ ದಾರಿ ಮಾಡಿಕೊಂಡಿದ್ದೆವು.

ಒಂದು ತರಬೇತಿಯಲ್ಲಿ ರುಮೇನಿಯಾ ದೇಶದ ವಿಷಯ ಹೇಳಿದರು. 1989ರಲ್ಲಿ ಅಲ್ಲಿಯ ಆಳ್ವಿಕೆ ಉರುಳಿದಾಗ ಸಾವಿರ ಸಾವಿರ ಮಕ್ಕಳು ಅನಾಥಾಲಯಗಳಲ್ಲಿದ್ದರಂತೆ. 2000ದ ಸುಮಾರಿಗೆ ಬುಖಾರೆಸ್ಟ್ ನಗರದಲ್ಲಿ ಸಂಶೋಧಕರು 136 ಕೂಸುಗಳನ್ನು ನೋಡಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನು ಪೋಷಕ ಕುಟುಂಬಗಳಿಗೆ ಕಳಿಸಿದರು. ಮನೆಗೆ ಹೋದ ಮಕ್ಕಳ ಬುದ್ಧಿ, ಮಾತು, ಹಚ್ಚಿಕೊಳ್ಳುವ ಗುಣ ಎಲ್ಲ ಚೇತರಿಸಿತು. ಎರಡು ವರ್ಷ ತುಂಬುವ ಮೊದಲು ಹೋದವರಿಗೆ ಇನ್ನೂ ಜಾಸ್ತಿ. ಕೇಳುತ್ತ ಕೂತಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಹುಡುಗಿಯರು ಬರುವುದೇ ಆರೇಳು ವರ್ಷಕ್ಕೆ. ಹಾಗಾದರೆ ಇವರ ಗತಿ?

ಆ ಭಯ ಬಿಡಿಸಿದವಳು ಹಾವೇರಿ ಕಡೆಯ ಒಂದು ಹುಡುಗಿ. ನಾಲ್ಕು ವರ್ಷ ನಮ್ಮಲ್ಲಿದ್ದಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಅವಳ ಊರಿಗೆ ಹೋಗಿ, ಮನೆ ಮನೆ ತಿರುಗಿ, ಸೋದರತ್ತೆಯನ್ನು ಹುಡುಕಿದರು. ಅತ್ತೆಗೆ ಕೂಸು ಬೇಕು, ಆದರೆ ಹೊಲದ ಕೂಲಿ, ಮನೆಯಲ್ಲಿ ಇಬ್ಬರು ಮಕ್ಕಳು. ಮಗುವನ್ನು ಮನೆಯಲ್ಲೇ ಸಾಕಲು ಸರ್ಕಾರ ಕೊಡುವ ನೆರವು, ಪ್ರಾಯೋಜಕತ್ವ ಅನ್ನುತ್ತಾರೆ, ಅದರಲ್ಲಿ ತಿಂಗಳಿಗೆ 4000 ರೂಪಾಯಿ ಮಂಜೂರಾಯಿತು. ಹೋಗುವ ದಿನ ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆರು ತಿಂಗಳ ಮೇಲೆ ಅತ್ತೆಯ ಜೊತೆ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಬಾಗಿಲಲ್ಲಿ ನಿಂತವಳೇ ದೂರು ಹೇಳಿದಳು: "ನಮ್ಮತ್ತಿ ಭಾಳ ಬೈತಾಳ್ರಿ ಅಕ್ಕಾರ. ಸಾಲಿಯಿಂದ ತಡಾ ಆದ್ರ ಹಾದಿಗೆ ಬಂದು ನಿಂದರ್ತಾಳ." ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ನಮ್ಮಲ್ಲಿ ತಡವಾದರೆ ರಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಹಾದಿಗೆ ಬಂದು ಯಾರೂ ನಿಲ್ಲುತ್ತಿರಲಿಲ್ಲ.

ಎಲ್ಲ ಹೀಗೇ ಆಯಿತು ಅಂತಲ್ಲ. 2020ರಲ್ಲಿ ಕೊರೊನಾ ಬಂದಾಗ, ಆಗುವುದಾದರೆ ಮಕ್ಕಳನ್ನು ಮನೆಗೆ ಕಳಿಸುವ ವಿಚಾರ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿಂದ ಗಡಿಬಿಡಿಯಲ್ಲಿ ಹೋದವರಲ್ಲಿ ಕೆಲವರು ತಿರುಗಿ ಬಂದರು, ಹೋಗುವಾಗ ಇದ್ದದ್ದಕ್ಕಿಂತ ಬಡಕಲಾಗಿ. ಇಬ್ಬರು ಓದು ಬಿಟ್ಟರು. ಮನೆಗೆ ಕಳಿಸಿದ ಮೇಲೂ ಯಾರಾದರೂ ಆ ಬಾಗಿಲು ತಟ್ಟುತ್ತಲೇ ಇರಬೇಕು.

ನಿಮ್ಮ ಅತ್ತೆಯವರು ಹೇಳಿದರಂತಲ್ಲ, "ನಮ್ಮ ಗದುಗಿನ ಪುಣ್ಯಾಶ್ರಮದಾಗ ಎಷ್ಟು ಮಕ್ಕಳು ಬೆಳೆದಾರ, ಆಶ್ರಮ ಅಂದ್ರ ಕೆಟ್ಟದ್ದೇನು?" ಅಂತ. ಅವರ ಮಾತು ತೆಗೆದುಹಾಕಬೇಡ. ವೀರೇಶ್ವರ ಪುಣ್ಯಾಶ್ರಮಕ್ಕೆ ನಾನೂ ಕೈಮುಗಿದವಳೇ. ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರನ್ನು ಸ್ವಂತ ಮಗನ ಹಾಗೆ ಸಾಕಿ, ಸಂಗೀತ ಕಲಿಸಿ, ಕೊನೆಗೆ ತಮ್ಮ ಜಾಗದಲ್ಲೇ ಕೂರಿಸಿದರು. ಆ ಹುಡುಗನಿಗೆ ತನ್ನವರು ಅಂತ ಒಬ್ಬ ಗುರು ಸಿಕ್ಕಿದ್ದರು. ನಮ್ಮಲ್ಲಿ ಪಾಳಿ ಬದಲಾಗುತ್ತಿತ್ತು. ಅತ್ತೆಯವರಿಗೆ ಸಮಾಧಾನದಿಂದ ಹೇಳು, ಅವರಿಗೆ ತಿಳಿಯುತ್ತದೆ.

ಈಗ ನಿನ್ನ ಪ್ರಶ್ನೆ. ನೀವು ದತ್ತು ತೆಗೆದುಕೊಳ್ಳುತ್ತಿಲ್ಲ, ಫಾಸ್ಟರ್ ಕೇರ್ ಮಾಡುತ್ತಿದ್ದೀರಿ. ಕಾಗದದಲ್ಲಿ ಪೋಷಕತ್ವ ಎಂದಿರುತ್ತದೆ. ದತ್ತಾದರೆ ಮಗು ಎಂದೆಂದಿಗೂ ನಿಮ್ಮದು. ಇಲ್ಲಿ ಹಾಗಲ್ಲ. ಆ ಹುಡುಗಿಯ ತಾಯಿ ಆಸ್ಪತ್ರೆಯ ಚಿಕಿತ್ಸೆಯಲ್ಲಿದ್ದಾಳೆ, ಮಗಳನ್ನು ಬಿಟ್ಟುಕೊಟ್ಟಿಲ್ಲ. ಬಂದು ಮಗಳನ್ನು ನೋಡಲು ಕಾಯ್ದೆ ಅವಳಿಗೆ ಅವಕಾಶ ಕೊಟ್ಟಿದೆ. ಅವಳು ಹುಷಾರಾದಳು ಎಂದು ಮಕ್ಕಳ ಕಲ್ಯಾಣ ಸಮಿತಿಗೆ ಅನಿಸಿದರೆ ಮಗಳು ಅವಳ ಹತ್ತಿರ ಹೋಗಬೇಕು. ಎರಡು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದು ಎಂದು 2024ರ ಹೊಸ ಮಾರ್ಗಸೂಚಿಯಲ್ಲಿದೆ ನಿಜ, ಮೊದಲು ಐದು ವರ್ಷ ಇತ್ತು. ಆದರೆ ಅದು ಕಾನೂನಿನ ಪ್ರಕಾರ ದತ್ತಿಗೆ ಮುಕ್ತಳಾದ ಮಗುವಿಗೆ. ಇವಳಿಗೆ ತಾಯಿ ಇದ್ದಾಳೆ. ಆ ಆಸೆ ಇಟ್ಟುಕೊಂಡು ಬಾಗಿಲು ತೆರೆಯಬೇಡ ನನ್ನವ್ವಾ, ಕೈಮುಗಿದು ಹೇಳುತ್ತೇನೆ.

ಹೋದರೆ ನಿನ್ನ ಕರುಳು ಕಿತ್ತು ಬರುತ್ತದೆ. ಸುಳ್ಳು ಹೇಳಲಾರೆ. ಹಾವೇರಿಯ ಹುಡುಗಿ ಹೋದ ದಿನ ನಾನು ಸಂಡಾಸದ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆದರೆ ಆ ನೋವು ದೊಡ್ಡವರಾದ ನಾವು ಹೊರಬಹುದು. ಒಂಬತ್ತು ವರ್ಷದ ಹುಡುಗಿ ಯಾರನ್ನೂ ಹಚ್ಚಿಕೊಳ್ಳದೆ ಹದಿನೆಂಟು ತುಂಬಿಸಿ, ಒಂದು ಟ್ರಂಕ್ ಹಿಡಿದು ಗೇಟಿನ ಹೊರಗೆ ನಿಲ್ಲುತ್ತಾಳಲ್ಲ, ಅದನ್ನು ನಾನು ಎಷ್ಟು ಸಲ ನೋಡಿದ್ದೇನೆ ಗೊತ್ತಾ? ಅದು ಅವರು ಹೊರುವಂಥದ್ದಲ್ಲ.

ಅವಳು ಬಂದ ಮೇಲೆ ರೊಟ್ಟಿ ಕದ್ದು ದಿಂಬಿನ ಕೆಳಗೆ ಇಡಬಹುದು. ಬೈಯಬೇಡ. ಬುಟ್ಟಿ ಎಲ್ಲಿದೆ ಎಂದು ತೋರಿಸು, ಯಾವಾಗ ಬೇಕಾದರೂ ತಗೋ ಅನ್ನು. ಮೊದಲು ತುಂಬ ಒಳ್ಳೆಯವಳಾಗಿ ಇರುತ್ತಾಳೆ, ಹೇಳಿದ್ದೆಲ್ಲ ಕೇಳುತ್ತಾಳೆ. ತಿಂಗಳೆರಡು ತಿಂಗಳಿಗೆ ಹಟ, ಕಿರುಚಾಟ ಶುರುವಾಗಬಹುದು. ಆಗ ಹೆದರಿ ನನಗೆ ಫೋನ್ ಮಾಡಬೇಡ, ಸಿಟ್ಟು ಮಾಡುವಷ್ಟು ನಿನ್ನನ್ನು ಹಚ್ಚಿಕೊಂಡಳು ಎಂದು ಖುಷಿಯಿಂದ ಮಾಡು. ನಿನ್ನನ್ನು ಅವ್ವ ಎಂದು ಕರೆಯಲೇಬೇಕು ಅನ್ನಬೇಡ. ಬರುವಾಗ ತಂದ ಹಳೇ ಫ್ರಾಕ್ ಒಗೆದು ಅವಳ ಕೈಗೇ ಕೊಡು. ಅವಳ ತಾಯಿಯ ಬಗ್ಗೆ ಅವಳ ಮುಂದೆ ಒಂದು ಹಗುರ ಮಾತೂ ಬೇಡ. ಬಂಧುಗಳು ಬಂದಾಗ "ಸಾಕಲಿಕ್ಕೆ ತಂದೀವಿ" ಎಂದು ತೋರಿಸಬೇಡಿ, ಹೆಸರು ಹೇಳಿದರೆ ಸಾಕು.

ಬರುವ ವಾರ ಘಟಕದವರು ಮನೆ ನೋಡಲು ಬರುತ್ತಾರೆ ಅಂದೆಯಲ್ಲ. ಹೊಸ ಚಾದರ, ಹೊಸ ಆಟಿಕೆ ತಂದು ಇಡಬೇಡ. ಮನೆ ಹೇಗಿದೆಯೋ ಹಾಗೇ ಇರಲಿ. ಅವಳು ಬಂದ ಮೇಲೆ ತಿಂಗಳಿಗೊಮ್ಮೆ ಬಂದು ನೋಡುವುದು ನಿಯಮದಲ್ಲೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ತಾಯಿ ಬಂದು ಕೇಳಿದರೆ ಏನು ಮಾಡುತ್ತೀರಿ ಎಂದು ನಿಮ್ಮಿಬ್ಬರನ್ನೂ ಕೇಳುತ್ತಾರೆ. ಅಳುತ್ತೇನೆ, ಆದರೆ ಕಳಿಸುತ್ತೇನೆ ಅನ್ನು. ಅಷ್ಟು ಹೇಳಲು ಬಾಯಿ ಬರುತ್ತದೋ ಇಲ್ಲವೋ, ಈ ವಾರ ಇಬ್ಬರೂ ಕೂತು ಮಾತಾಡಿಕೊಳ್ಳಿ. ಬರದಿದ್ದರೆ ಈಗಲೇ ಬೇಡ ಎಂದು ಅವರಿಗೆ ತಿಳಿಸು, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ರವಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಜ್ವರದ ರಾತ್ರಿಯ ಮಾತು ಇಷ್ಟು ವರ್ಷ ನಾವು ಆಡಿಲ್ಲ. ಅದನ್ನೂ ಆಡೋಣ.

ನಿನ್ನ ಅವ್ವ