ಗೆಳೆಯನಿಗೊಂದು ಪತ್ರ: ಕ್ಯಾಮೆರಾ ಹೋದ ಮೇಲೆ

ಪ್ರಿಯ ಗೆಳೆಯ,

"ಮನೆಯೊಳಗೆ ಕ್ಯಾಮೆರಾ ಬಿಟ್ಟುಕೊಳ್ಳುವವರಿಗೆ ಪ್ರಚಾರದ ಹುಚ್ಚು, ಅಲ್ವಾ? ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?" ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟಿ.ವಿ. ಸಾಕ್ಷ್ಯಚಿತ್ರದ ಬಗ್ಗೆ ಮಾತು ಬಂದರೆ ಎಲ್ಲರೂ ನಿರ್ದೇಶಕರನ್ನು ಕೇಳುತ್ತಾರೆ, ನೋಡುಗರನ್ನು ಕೇಳುತ್ತಾರೆ. ಅದರಲ್ಲಿ ಕಾಣಿಸಿಕೊಂಡವರನ್ನು ಕೇಳುವುದು ಕಡಿಮೆ. ನಾನು ಅವರ ಜೊತೆ ಕೂತು ಮಾತಾಡುತ್ತೇನೆ. ಪ್ರಚಾರಕ್ಕೆಂದೇ ಒಪ್ಪಿದವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ತಮ್ಮ ಕಾಯಿಲೆಯ ಬಗ್ಗೆ ನಾಲ್ಕು ಜನಕ್ಕೆ ತಿಳಿಯಲಿ ಎಂದು ಒಪ್ಪಿದವರಿದ್ದಾರೆ. ಯಾರೋ ನಮ್ಮ ಮಾತು ಗಮನವಿಟ್ಟು ಕೇಳುತ್ತಾರಲ್ಲ ಎಂಬ ಖುಷಿಗೆ ಒಪ್ಪಿದವರಿದ್ದಾರೆ.

ನನ್ನನ್ನು ಜಾಸ್ತಿ ಕಾಡುವುದು ಆ ಒಪ್ಪಿಗೆ ಪತ್ರ. ಒಬ್ಬರು ಕಾಲರ್‌ಗೆ ಮೈಕ್ ಸಿಕ್ಕಿಸುತ್ತಿರುತ್ತಾರೆ, ಇನ್ನೊಬ್ಬರು ಲೈಟ್ ಸರಿಮಾಡುತ್ತಿರುತ್ತಾರೆ, ಆ ಗಡಿಬಿಡಿಯಲ್ಲೇ ಸಹಿ ಬೀಳುತ್ತದೆ. ಹೇಗೆ ಬೇಕಾದರೂ ಎಡಿಟ್ ಮಾಡುವ ಹಕ್ಕು ನಿರ್ಮಾಪಕರದು ಎಂಬ ಸಾಲು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಇನ್ನೂ ಹುಟ್ಟದ ಚಿತ್ರಕ್ಕೆ ಒಪ್ಪಿಗೆ! ಅಮೆರಿಕದ 'ಆನ್ ಅಮೆರಿಕನ್ ಫ್ಯಾಮಿಲಿ' ಎಂಬ ಟಿ.ವಿ. ಸರಣಿಗಾಗಿ 1971ರಲ್ಲಿ ಒಂದು ಕುಟುಂಬದ ಬದುಕನ್ನು ಸುಮಾರು 300 ಗಂಟೆ ಚಿತ್ರೀಕರಿಸಿದರು. 1973ರಲ್ಲಿ ತೆರೆಗೆ ಬಂದದ್ದು 12 ಕಂತು. ಕೆಟ್ಟದ್ದನ್ನೇ ಆರಿಸಿ ತೋರಿಸಿದರು ಎಂದು ಮನೆಯವರು ನೊಂದುಕೊಂಡರು. ಸುಳ್ಳು ಸೇರಿಸಬೇಕಾಗಿಲ್ಲ, ಬಿಟ್ಟದ್ದೇ ಸಾಕು ನೋಯಿಸಲು.

ಬ್ರಿಟನ್ನಿನ 'ಅಪ್' ಸರಣಿ ನಿನಗೆ ಗೊತ್ತಲ್ಲ? 1964ರಲ್ಲಿ ಏಳು ವರ್ಷದ 14 ಮಕ್ಕಳಿಂದ ಶುರುವಾಗಿ, ಏಳೇಳು ವರ್ಷಕ್ಕೊಮ್ಮೆ ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದದ್ದು. ಮೊದಲ ಸಲ ಆ ಮಕ್ಕಳಿಗೆ ಏನು ತಾನೇ ಗೊತ್ತಿತ್ತು? ಅವರಲ್ಲೊಬ್ಬ ಮುಂದೆ ಶಾಲಾ ಶಿಕ್ಷಕನಾದ. 28ನೇ ವಯಸ್ಸಿನ ಕಂತಿನಲ್ಲಿ ಸರ್ಕಾರವನ್ನು ಟೀಕಿಸಿದ. ಪತ್ರಿಕೆಗಳು ಮುಗಿಬಿದ್ದವು. ಮುಂದಿನ ಮೂರು ಕಂತಿಗೆ ಅವನು ಬರಲೇ ಇಲ್ಲ. 56ಕ್ಕೆ ಬಂದ, ತನ್ನ ಬ್ಯಾಂಡಿನ ಪ್ರಚಾರಕ್ಕೆ ಬಂದೆ ಎಂದು ನೇರವಾಗಿ ಹೇಳಿದ. ನನಗೆ ಇದು ತುಂಬಾ ಇಷ್ಟ. ನಿನ್ನ 'ಪ್ರಚಾರದ ಹುಚ್ಚು' ಇದಲ್ಲ. ಕ್ಯಾಮೆರಾ ತನ್ನನ್ನು ಬಳಸಿಕೊಂಡಂತೆ ಅವನೂ ಅದನ್ನು ಬಳಸಿಕೊಂಡ.

2021ರಿಂದ ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ನಿಯಮಗಳಲ್ಲಿ, ಭಾಗವಹಿಸಿ ತೊಂದರೆಗೆ ಸಿಲುಕಬಹುದಾದವರ ಕ್ಷೇಮ ನೋಡಿಕೊಳ್ಳಬೇಕು ಎಂಬುದೂ ಸೇರಿದೆ. ಒಳ್ಳೆಯದೇ. ಆದರೆ ನಾನು ಮಾತಾಡಿಸಿದ ಒಬ್ಬ ಮಹಿಳೆಗೆ ಚಿತ್ರದ ಮೇಲೆ ಸಿಟ್ಟೇ ಇರಲಿಲ್ಲ. "ತಿಂಗಳುಗಟ್ಟಲೆ ಮನೆಯವರ ಹಾಗೆ ಬಂದು ಹೋದರು. ಪ್ರಸಾರವಾದ ಮೇಲೆ ಒಂದು ಫೋನೂ ಇಲ್ಲ" ಎಂದರು. ಇದಕ್ಕೆ ಯಾವ ನಿಯಮ ಬರೆಯುವುದು? ಕೊನೇಪಕ್ಷ ಪ್ರಸಾರಕ್ಕೆ ಮುಂಚೆ ಅವರಿಗೆ ಚಿತ್ರ ತೋರಿಸಬೇಕು, ಆಮೇಲೂ ಹೋಗಿ ಮಾತಾಡಿಸಬೇಕು ಅನ್ನುವುದು ನನ್ನ ವಾದ. ಅದು ತೆಗೆಯಿರಿ, ಇದು ತೆಗೆಯಿರಿ ಎಂದಾರು ಅನ್ನುವ ನಿರ್ದೇಶಕರ ಭಯ ನನಗೂ ಅರ್ಥವಾಗುತ್ತದೆ. ಆದರೂ ತೋರಿಸಬೇಕು.

ನಿನ್ನ ಪರಿಚಯದವರು ಯಾರಾದರೂ ಹೀಗೆ ಟಿ.ವಿ.ಯಲ್ಲಿ ಬಂದಿದ್ದರೆ ತಿಳಿಸು. ಬಂದು ಹತ್ತು ವರ್ಷವಾಗಿದ್ದರೆ ಇನ್ನೂ ಒಳ್ಳೆಯದು.

ನಿನ್ನ ಗೆಳೆಯ