ಔಷಧಿ ಕಿಟಕಿಯ ಹಿಂದೆ ಕೂತವರನ್ನೂ ವಾರ್ಡಿಗೆ ಕರೆಯಿರಿ

ಸಂಪಾದಕರಿಗೆ ನಮಸ್ಕಾರ.

ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ಜನ ಬೇಕಾಬಿಟ್ಟಿ ನುಂಗುತ್ತಾರೆ, ಅದಕ್ಕೇ ರೋಗಾಣುಗಳು ಔಷಧಿಗೆ ಬಗ್ಗುತ್ತಿಲ್ಲ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬೈಗುಳವೆಲ್ಲ ರೋಗಿಗೆ, ಇಲ್ಲಾ ಮೆಡಿಕಲ್ ಅಂಗಡಿಯವರಿಗೆ. ಆಸ್ಪತ್ರೆಯ ಒಳಗೆ ಏನಾಗುತ್ತದೆ ಅನ್ನೋದು ಮಾತ್ರ ಹೊರಗೆ ಬರೋದಿಲ್ಲ. ನಾನು ಬಾಗಲಕೋಟೆ ನವನಗರದ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಹಾಗಾಗಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಜ್ವರದ ರೋಗಿಯೊಬ್ಬರು ಅಡ್ಮಿಟ್ ಆಗುತ್ತಾರೆ ಅಂದುಕೊಳ್ಳಿ. ವಾರ್ಡಿನಿಂದ ನಮಗೆ ಚೀಟಿ ಬರುತ್ತದೆ, ಸೆಫ್ಟ್ರಿಯಾಕ್ಸೋನ್ ಅನ್ನುವ ಆ್ಯಂಟಿಬಯೋಟಿಕ್ ಸೂಜಿ 1 ಗ್ರಾಂ, ದಿನಕ್ಕೆ 2 ಸಲ. ಮೊದಲ ದಿನ ಇದು ತಪ್ಪಲ್ಲ, ಯಾವ ರೋಗಾಣು ಅಂತ ಇನ್ನೂ ಗೊತ್ತಿರೋದಿಲ್ಲ. ರಕ್ತ ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ಯಾವುದು ಅಂತ ನೋಡುವ ಪರೀಕ್ಷೆಗೆ ಹೋಗುತ್ತದೆ, 2-3 ದಿನದಲ್ಲಿ ರಿಪೋರ್ಟ್ ಬರುತ್ತದೆ. ಆಗ ಔಷಧಿ ಬದಲಿಸಬೇಕಾ, ನಿಲ್ಲಿಸಬೇಕಾ, ಸೂಜಿ ಬಿಟ್ಟು ಗುಳಿಗೆಗೆ ಬರಬಹುದಾ ಅಂತ ನೋಡಬೇಕು. ಇದು ಡಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆಳಗಿನ ರೌಂಡಿನ ಅವಸರದಲ್ಲಿ ಕೇಸ್ ಶೀಟಿನಲ್ಲಿ 'ಸಿಎಸ್‌ಟಿ' ಅಂತ ಗೀಚಿ ಮುಂದೆ ಹೋಗುತ್ತಾರೆ, ಅಂದರೆ ನಿನ್ನೆಯದೇ ಮುಂದುವರಿಸಿ. ರಿಪೋರ್ಟ್ ಫೈಲಿನಲ್ಲಿ ತಣ್ಣಗೆ ಕೂತಿರುತ್ತದೆ. ಫೈಲು ನಮ್ಮ ಕೈಗೆ ಬರೋದಿಲ್ಲ. ಅದೇ ಸೂಜಿಗೆ ಮತ್ತೆ ಚೀಟಿ ಬರುತ್ತದೆ, ನಾವು ಎಣಿಸಿ ಕೊಡುತ್ತೇವೆ.

ಮೂರನೇ ದಿನ 'ಇದು ಇನ್ನೂ ಬೇಕಾ?' ಅಂತ ಕೇಳುವ ಒಬ್ಬ ಮನುಷ್ಯ ಬೇಕು. ಆ ಕೆಲಸ ಫಾರ್ಮಸಿಸ್ಟ್‌ಗೆ ಕೊಡಿ ಅನ್ನೋದೇ ನನ್ನ ಮಾತು. ಯಾರಿಗೆ ಯಾವ ಔಷಧಿ, ಎಷ್ಟು ದಿನದಿಂದ ಹೋಗುತ್ತಿದೆ, ಇದರ ಜೊತೆ ಇನ್ನೇನು ಸೇರುತ್ತಿದೆ, ಕಿಡ್ನಿ ಕೆಲಸ ಕಡಿಮೆ ಇರುವವರಿಗೆ ಡೋಸ್ ಇಳಿಸಿದ್ದಾರಾ ಇಲ್ಲವಾ, ಇದನ್ನೆಲ್ಲ ನೋಡೋದು ನಾವು ಕಲಿತ ವಿದ್ಯೆಯೇ. ನಮ್ಮ ದೇಶದಲ್ಲಿ 2008ರಲ್ಲಿ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಶುರುವಾಯಿತು, 6 ವರ್ಷದ ಓದು, ಕೊನೇ ವರ್ಷ ಆಸ್ಪತ್ರೆಯಲ್ಲೇ. ಹಾಗೆ ಓದಿ ಬಂದ ಹುಡುಗ ಹುಡುಗಿಯರನ್ನು ಬಿಲ್ ಹೊಡೆಯಲು ಕೂರಿಸಿದರೆ ಹೇಗೆ?

ನಮ್ಮ ಕೈಯಲ್ಲಿ ಒಂದು ಪುಸ್ತಕವೂ ಇದೆ. 2014ರ ಮಾರ್ಚ್ 1ರಿಂದ ಎಚ್1 ಪಟ್ಟಿಯ, ಅಂದರೆ ಸರ್ಕಾರ ಹೆಚ್ಚು ನಿಗಾ ಇಟ್ಟಿರುವ ಔಷಧಿ ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು, ಔಷಧಿ, ಎಷ್ಟು ಅಂತ ಬೇರೆಯೇ ರಿಜಿಸ್ಟರಿನಲ್ಲಿ ಬರೆಯಬೇಕು, 3 ವರ್ಷ ಕಾಪಾಡಬೇಕು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್ ಅನ್ನುವ ಆ್ಯಂಟಿಬಯೋಟಿಕ್ ಎಲ್ಲ ಆ ಪಟ್ಟಿಯಲ್ಲಿವೆ. ಈಗ ಆ ಪುಸ್ತಕ ಇರೋದು ಡ್ರಗ್ ಇನ್‌ಸ್ಪೆಕ್ಟರ್ ಬಂದರೆ ತೋರಿಸಲಿಕ್ಕೆ. ತಿಂಗಳಿಗೊಮ್ಮೆ ಅದರ ಲೆಕ್ಕ ತೆಗೆದು ಡಾಕ್ಟರುಗಳ ಮುಂದೆ ಇಟ್ಟರೆ ಯಾವುದು ಜಾಸ್ತಿ ಓಡುತ್ತಿದೆ ಅಂತ ಅವರಿಗೇ ಕಾಣುತ್ತದೆ, ಅಲ್ವಾ?

2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಪತ್ರ ಬರೆದು, ಆ್ಯಂಟಿಬಯೋಟಿಕ್ ಬರೆಯುವಾಗ ಯಾಕೆ ಅನ್ನೋದನ್ನೂ ಚೀಟಿಯಲ್ಲೇ ಬರೆಯಿರಿ ಎಂದು ಡಾಕ್ಟರುಗಳನ್ನು ಕೇಳಿದರು. ನಮ್ಮ ಕಿಟಕಿಗೆ ಬರುವ ಚೀಟಿಗಳಲ್ಲಿ ಆ ಕಾರಣ ಕಾಣೋದು ಅಪರೂಪ. ಕಾರಣ ಗೊತ್ತಿಲ್ಲದೆ ನಾವು ಏನಂತ ಪ್ರಶ್ನೆ ಕೇಳೋದು? ನಮ್ಮ ಕಡೆಯಂತೂ ಜ್ವರ ಅಂದರೆ ವೈಡಾಲ್ ಅನ್ನುವ ರಕ್ತ ಪರೀಕ್ಷೆ, ವೈಡಾಲ್ ಪಾಸಿಟಿವ್ ಅಂದರೆ ಟೈಫಾಯಿಡ್. ಹಿಂದೆ ಯಾವಾಗಲೋ ಬಂದು ಹೋಗಿದ್ದರೂ ಆ ಪರೀಕ್ಷೆ ಪಾಸಿಟಿವ್ ತೋರಿಸಬಹುದು ಅಂತ ರೋಗಿಗೆ ಹೇಳುವವರೇ ಇಲ್ಲ.

ಇನ್ನು ಡಿಸ್ಚಾರ್ಜ್ ಆದವರ ಕಥೆ. ಮೊನ್ನೆ ಬೀಳಗಿ ಕಡೆಯ ಹಿರಿಯರೊಬ್ಬರು 5 ದಿನದ ಚೀಟಿ ಹಿಡಿದು ಬಂದು, 'ಎರಡ ದಿನದ್ದ ಕೊಡ್ರಿ, ಆರಾಮ ಆದ್ರ ಮತ್ತ ಯಾಕ್ ಬೇಕ್ರಿ?' ಅಂದರು. ಸ್ಟ್ರಿಪ್ ಕತ್ತರಿಸಿದರೆ ಹೆಸರು ಒಂದು ತುಂಡಿನಲ್ಲಿ, ಎಕ್ಸ್‌ಪೈರಿ ತಾರೀಕು ಇನ್ನೊಂದರಲ್ಲಿ, ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅಂತ ಎಚ್ಚರಿಸುವ ಕೆಂಪು ಗೆರೆ ಅರ್ಧ ಅಲ್ಲಿ ಅರ್ಧ ಇಲ್ಲಿ. ಅವರಿಗೆ ದುಡ್ಡಿನ ತೊಂದರೆ, ಹಟವಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ಅದೇ ಔಷಧಿ ಕಡಿಮೆ ಬೆಲೆಯ ಕಂಪನಿಯದು ಕೊಡಿ ಅಂದರು, ಹಿರಿಯರು ಪೂರ್ತಿ ತಗೊಂಡು ಹೋದರು. ಆದರೆ ಅಷ್ಟರಲ್ಲಿ ಹಿಂದಿನ ಸಾಲು ಗಲಾಟೆ ಶುರು ಮಾಡಿತ್ತು.

ಡಾಕ್ಟರಿಗೇ ನೀವು ಹೇಳಿಕೊಡ್ತೀರಾ ಅನ್ನುವವರು ಇದ್ದೇ ಇರುತ್ತಾರೆ. ಔಷಧಿ ಬರೆಯುವ ಅಧಿಕಾರ ನಮಗೆ ಬೇಡ. ಕೇಳುವ ಅಧಿಕಾರ ಸಾಕು, ಅದೂ ಬರವಣಿಗೆಯಲ್ಲಿ, ಆಸ್ಪತ್ರೆಯ ಸಹಿಯೊಂದಿಗೆ. ಇಲ್ಲದಿದ್ದರೆ ಜೂನಿಯರ್ ಫಾರ್ಮಸಿಸ್ಟ್ ಒಬ್ಬ ಸೀನಿಯರ್ ಸರ್ಜನ್‌ಗೆ ಪ್ರಶ್ನೆ ಕೇಳೋದು ಕನಸಿನ ಮಾತು.

ಬಾಗಲಕೋಟೆ, ವಿಜಯಪುರ, ಬೆಳಗಾವಿಯ ದೊಡ್ಡ ಆಸ್ಪತ್ರೆಗಳು ಮೊದಲು ಐಸಿಯು ಒಂದರಲ್ಲೇ ಶುರು ಮಾಡಲಿ. ದಿನಕ್ಕೆ ಒಂದು ತಾಸು, ರೌಂಡಿನ ಜೊತೆಗೇ. ಆ ಹೊತ್ತಿಗೆ ಕೌಂಟರಿಗೆ ಇನ್ನೊಬ್ಬರನ್ನು ಕೊಡಲೇಬೇಕು. ಕಿಟಕಿ ಮುಚ್ಚಿ ನಮ್ಮನ್ನು ವಾರ್ಡಿಗೆ ಕಳಿಸಿದರೆ ಸಾಲಿನಲ್ಲಿ ನಿಂತವರು ಬೈಯುತ್ತಾರೆ, ಅವರು ಬೈಯೋದೂ ಸರಿಯೇ.

– ಒಬ್ಬ ಆಸ್ಪತ್ರೆ ಫಾರ್ಮಸಿಸ್ಟ್, ನವನಗರ, ಬಾಗಲಕೋಟೆ