ಮೂರನೇ ಬ್ಯಾಟರಿಯ ಬಗ್ಗೆ, ಐದನೇ ಸಲ

ಗ್ರಾಹಕ ಸೇವಾ ವಿಭಾಗದವರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "48 ಗಂಟೆ ಕಾಯಿರಿ ಸರ್" ಎಂದಿರಿ. ಕಾದೆ. ನಿನ್ನೆ ಉತ್ತರ ಬಂತು: ವಾರಂಟಿ ಮುಗಿದಿದೆಯಂತೆ. ಅದಕ್ಕೇ ಈ ಪತ್ರ.

ನಿಮ್ಮ 60 ವೋಲ್ಟ್ ಸ್ಕೂಟರ್ ಸಮ ರಸ್ತೆಯಲ್ಲಿ ಓಡುತ್ತದೆ, ನಮ್ಮೂರಿನ ಕೆರೆ ಏರಿ ಹತ್ತುವಾಗ ನಿಲ್ಲುತ್ತದೆ. ಲೈಟು, ಹಾರ್ನ್ ಎಲ್ಲ ಸರಿ. ಐದು ನಿಮಿಷ ಸುಮ್ನೆ ಬಿಟ್ಟರೆ ಮತ್ತೆ ಹೊರಡುತ್ತದೆ. ಕಸುಬು ಗೊತ್ತಿರುವವನಿಗೆ ಇಷ್ಟು ಹೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ನಿಮ್ಮವರು ಮೊದಲು ಥ್ರಾಟಲ್ ಬದಲಿಸಿದರು. ಆಮೇಲೆ "ಮಳೆ ನೀರು ಹೋಗಿದೆ" ಎಂದು, ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಬದಲಿಸಿ 4,800 ರೂಪಾಯಿ ತೆಗೆದುಕೊಂಡರು. ಅದು ಫೆಬ್ರವರಿ. ತಿಪಟೂರು ಕಡೆ ಫೆಬ್ರವರಿಯಲ್ಲಿ ಮಳೆ ತರಿಸಿದ ಪುಣ್ಯ ನಿಮ್ಮದು.

ಕೊನೆಗೆ ನಾನೇ ಮೀಟರ್ ಹಿಡಿದೆ. 31 ವರ್ಷ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡಿದವನು ನಾನು. ಗಾಡಿ ಸುಮ್ನೆ ನಿಲ್ಲಿಸಿದ್ದಾಗ, ಒಂದಕ್ಕೊಂದು ಸಾಲಾಗಿ ಜೋಡಿಸಿದ ಐದೂ ಬ್ಯಾಟರಿ ತಲಾ 12.7 ವೋಲ್ಟ್. ಚೆನ್ನಾಗಿದೆ ಅಲ್ವಾ? ಲೋಡ್ ಬಿದ್ದಾಗ, ಅಂದರೆ ಮೋಟಾರ್ ಜೋರಾಗಿ ಕರೆಂಟ್ ಎಳೆಯುವಾಗ ನೋಡಬೇಕು. ಸೀಟಿನಡಿಯಿಂದ ವೈರ್ ಹೊರಗೆಳೆದು, ಹಿಂದೆ ಕೂತ ಹೆಂಡತಿಯ ಕೈಗೆ ಮೀಟರ್ ಕೊಟ್ಟು ಏರಿ ಹತ್ತಿಸಿದೆ. ಒಂದೊಂದು ಬ್ಯಾಟರಿಗೆ ಒಂದೊಂದು ಸಲ. ನಾಲ್ಕು 11.3ಕ್ಕೆ ಇಳಿದವು. ಮೂರನೆಯದು 6.8. ಕೂಡಿದರೆ 52. ನಿಮ್ಮದೇ ಪುಸ್ತಕದ ಪ್ರಕಾರ ಒಟ್ಟು ವೋಲ್ಟ್ 52.5ಕ್ಕೆ ಇಳಿದರೆ ಕಂಟ್ರೋಲರ್ ಮೋಟಾರ್ ಕಟ್ ಮಾಡಬೇಕು. ಮಾಡುತ್ತಿತ್ತು. ಇಡೀ ಗಾಡಿಯಲ್ಲಿ ನಿಯತ್ತಾಗಿ ಕೆಲಸ ಮಾಡುತ್ತಿದ್ದದ್ದನ್ನೇ ಕಿತ್ತು ಹಾಕಿದ್ದೀರಿ.

ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ನಿಮ್ಮ ಸರ್ವಿಸ್ ಸೆಂಟರ್‌ಗೆ ಒಯ್ದೆ. ಕೌಂಟರಿನ ಹುಡುಗ ಚೀಟಿ ತೆಗೆದುಕೊಂಡ. ಓದಲಿಲ್ಲ. ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ನನ್ನ ಮೊಮ್ಮಗಳ ಏಳರ ಮಗ್ಗಿ ಇತ್ತು. ಅದನ್ನು ಮಾತ್ರ ಓದಿದ.

"ಅಂಕಲ್, ಕೀ ಆನ್ ಮಾಡಿದ್ರಾ?" ಮಾಡಿದ್ದೆ ಎಂದೆ.

"ಸೈಡ್ ಸ್ಟ್ಯಾಂಡ್?" ತೆಗೆದಿದ್ದೆ.

"ಬ್ರೇಕ್ ಹಿಡ್ಕೊಂಡೇ ಥ್ರಾಟಲ್ ಕೊಡ್ತೀರೇನೋ." ಏರಿ ಹತ್ತುವಾಗ ಬ್ರೇಕ್ ಯಾಕಪ್ಪಾ ಹಿಡೀಲಿ ಎಂದೆ.

ಆಗ ಅವನು ಬೆಂಚಿನ ಮೇಲಿದ್ದ ಮೂವರಿಗೂ ಕೇಳುವ ಹಾಗೆ, "ಅಂಕಲ್, ಇದು ಪಂಪ್‌ಸೆಟ್ ಅಲ್ಲ" ಎಂದ. ಮೂವರೂ ನಕ್ಕರು. ಅದರಲ್ಲೊಬ್ಬರ ಬೋರ್‌ವೆಲ್ ಮೋಟಾರನ್ನು ಎರಡು ಸಲ ಕಟ್ಟಿಕೊಟ್ಟಿದ್ದೇನೆ. ನನ್ನ ಚೀಟಿ ಅವನ ಟೀ ಲೋಟದ ಕೆಳಗೆ ಹೋಯಿತು.

ವಾರಂಟಿ ಕಾರ್ಡಿನ 7ನೇ ನಿಯಮ ನಿಮಗೆ ಬಾಯಿಪಾಠ ಇರಬೇಕು, ಬರೆದವರು ನೀವೇ: ದೂರು ಕೊಟ್ಟ ದಿನವೇ ಲೆಕ್ಕ. ನನ್ನ ಮೊದಲ ಜಾಬ್ ಕಾರ್ಡ್ ಗಾಡಿ ಕೊಂಡ ಹತ್ತನೇ ತಿಂಗಳಿನದು. ಲೋಡ್ ಟೆಸ್ಟರ್ ತುಮಕೂರಿಗೆ ಹೋಗಿದೆ ಎಂದು ವರ್ಷ ತುಂಬುವವರೆಗೆ ಕಾಯಿಸಿದವರು ಯಾರು? ನಡೆದುಕೊಂಡು ಹೋಗಿದ್ದರೂ ಅದು ಇಷ್ಟು ಹೊತ್ತಿಗೆ ವಾಪಸ್ ಬರುತ್ತಿತ್ತು.

ಐದೂ ಬ್ಯಾಟರಿ ಬದಲಿಸಿ, 4,800 ವಾಪಸ್ ಕೊಡಿ. ನಾಲ್ಕು ಹಳೆಯದರ ಜೊತೆ ಒಂದು ಹೊಸದು ಸೇರಿಸುವ ಉಪಾಯ ಬೇಡ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದ ಹಾಗಾಗುತ್ತದೆ.

ಇಲ್ಲದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತೀರ್ಪು ತಡವಾಗುತ್ತದೆ ಎಂಬ ಧೈರ್ಯ ನಿಮಗಿರಬಹುದು. ನನಗೂ ಈಗ ಬಿಡುವು ಜಾಸ್ತಿ. ಸೋಮವಾರದಿಂದ ನಿಮ್ಮ ಶೋರೂಮ್ ಎದುರಿನ ಟೀ ಅಂಗಡಿಯಲ್ಲಿ ಕೂರುತ್ತೇನೆ. ಮೀಟರ್ ಜೊತೆಗಿರುತ್ತದೆ. ಗಾಡಿ ಕೊಳ್ಳಲು ಬಂದವರಿಗೆ ಈ ಲೆಕ್ಕವನ್ನು ಪುಕ್ಕಟೆ ಹೇಳಿಕೊಡುತ್ತೇನೆ.

ಇಂತಿ,
ಪಂಪ್‌ಸೆಟ್ ಅಂಕಲ್